ನಕ್ಷೆಯಲ್ಲಿ ತಿಪ್ಪೆ

"ತಿಪ್ಪೆ ಮೇಲೆ ಮನೆ ಕಟ್ತಾಳಂತೆ, ನೋಡ್ರೋ! ಏಯ್, ಕೆಳಗಿಡೇ ಆ ಸುಣ್ಣ!"

ಪಂಚಾಯ್ತಿ ಅಧ್ಯಕ್ಷ ಕುರ್ಚಿಯಿಂದ ಏಳಲಿಲ್ಲ, ಕಾಲಿನ ಹೆಬ್ಬೆರಳಿನಲ್ಲೇ ತೋರಿಸಿದ. ಸುಣ್ಣದ ಪುಡಿ ಹಿಡಿದ ಹುಡುಗಿಯ ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಮೈಯಲ್ಲಿ ಮಾಂಸ ಕಾಣದ ಅವಳನ್ನು ಊರೆಲ್ಲ ಕಡ್ಡಿ ಎಂದೇ ಕರೆಯುತ್ತಿತ್ತು. 'ಸಮುದಾಯವನ್ನು ಅರಿಯಿರಿ, ಸೇವೆ ಮಾಡಿ' ಎಂದು ಕಾಲೇಜು ಅವಳನ್ನು, ಪಟ್ಟಣದ ನಾಲ್ಕಾರು ಹುಡುಗರ ಜೊತೆ, ಅವಳ ಊರಿಗೇ ಇಂಟರ್ನ್ ಮಾಡಿ ಕಳಿಸಿತ್ತು.

ಶಾಲೆಯ ಅಂಗಳದ ತುಂಬ ಸುಣ್ಣದಲ್ಲಿ ಊರಿನ ನಕ್ಷೆ ಬರೆದಿದ್ದರು. ನೀರಿನ ಪೈಪು ಎಲ್ಲಿಯವರೆಗೆ ಹೋಗಬೇಕೆಂದು ಎಂಜಿನಿಯರ್ ಇವತ್ತು ಅದನ್ನು ನೋಡಿಯೇ ತೀರ್ಮಾನಿಸುವವನಿದ್ದ. ಪೈಪಿನ ಗೆರೆ ಒಂದು ದುಂಡನೆಯ ಗುರುತಿನ ಹತ್ತಿರ ನಿಂತಿತ್ತು. ಒಳಗೆ ದಪ್ಪಕ್ಷರದಲ್ಲಿ 'ತಿಪ್ಪೆ' ಎಂದಿತ್ತು.

ಅದು ಕಡ್ಡಿಯ ಕೇರಿ.

ತಪ್ಪು ಮಾಡಿದ್ದು ಪಟ್ಟಣದಿಂದ ಬಂದಿದ್ದ ಕನ್ನಡಕದ ಹುಡುಗ. ರಸ್ತೆ ಮುಗಿದ ಮೇಲೆ ಏನಿದೆ ಎಂದು ಅವನು ಕೇಳಿದಾಗ ಊರಿನವರು ತಿಪ್ಪೆ ಎಂದಿದ್ದರು. ಕೇರಿಗೆ ಅವರ ಬಾಯಲ್ಲಿ ಬೇರೆ ಹೆಸರೇ ಇರಲಿಲ್ಲ. ಕೇರಿಯವರೂ ಕೇಳಿದವರಿಗೆಲ್ಲ "ತಿಪ್ಪೆಯೋರು ಸ್ವಾಮಿ" ಎನ್ನುತ್ತಿದ್ದರು. ಹೇಳಿ ಹೇಳಿ ಆ ಮಾತಿನ ನಾತವೇ ಹೋಗಿತ್ತು. ಹುಡುಗ ಅತ್ತ ಕಾಲಿಡದೆ ಬರೆದುಕೊಂಡಿದ್ದ.

"ಸಾರಿ ಕಣೇ, ನಿಜವಾದ ತಿಪ್ಪೆ ಅಂದ್ಕೊಂಡೆ. ಅಳಿಸಿಬಿಡೋಣ" ಎಂದ ಅವನು.

"ಯಾರೂ ಮುಟ್ಟಬೇಡಿ" ಎಂದರು ಕಾಲೇಜಿನಿಂದ ಇವರನ್ನೆಲ್ಲ ಕರೆತಂದಿದ್ದ ಮೇಡಂ. "ಇದು ಸಮುದಾಯ ಹೇಳಿ ಬರೆಸಿದ ನಕ್ಷೆ."

"ನಾನೂ ಸಮುದಾಯಾನೇ ಅಲ್ವಾ ಮೇಡಂ?"

"ನೀನು ಇಂಟರ್ನ್. ಪಕ್ಷಪಾತ ಮಾಡೋ ಹಾಗಿಲ್ಲ."

ಕಡ್ಡಿ ಅಧ್ಯಕ್ಷನತ್ತ ತಿರುಗಿದಳು. "ಅಲ್ಲಿ ಮನೆಗಳಿಲ್ವಾ ಅಯ್ಯಾ? ನೀವೇ ಹೇಳಿ."

"ಹಂದಿಗೂಡಿಗೂ ಮನೆ ಅಂತಾರೇನೇ? ಎರಡಕ್ಷರ ಕಲಿತ ಕೂಡ್ಲೇ ಕಾಲೇಜಿನೋಳಾದ್ಲು ಇವಳು! ನಿಮ್ಮವ್ವ ಇವತ್ತಿಗೂ ನನ್ನ ಕೊಟ್ಟಿಗೆ ಬಾಚ್ತಾಳೆ, ನೆನಪಿರ್ಲಿ. ಜಾಸ್ತಿ ಮಾತಾಡಿದ್ರೆ ಕಡ್ಡಿ ಮುರೀತದೆ."

ಕೂತಿದ್ದವರು ನಕ್ಕರು. ಮೇಡಂಗೆ ಅವಳು ಊರಿನವಳಲ್ಲ, ಊರಿಗೆ ಅವಳು ಕಾಲೇಜಿನವಳಲ್ಲ.

ಜೀಪು ಬಂತು. ಎಂಜಿನಿಯರ್ ಇಳಿದು, ಗೆರೆಗಳ ಪಕ್ಕದಲ್ಲೇ ನಡೆದು, ಗುರುತಿನ ಮುಂದೆ ನಿಂತ.

"ತಿಪ್ಪೆಗ್ಯಾಕ್ರೀ ನೀರು? ಇಲ್ಲಿಗೇ ಮುಗಿಸಿ."

ಬೇಲಿಯಾಚೆ ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಶಾಲೆಯ ತೊಟ್ಟಿಯಿಂದ ಯಾರಾದರೂ ಎತ್ತಿ ಹೊಯ್ದರೆ ಮಾತ್ರ ಅವರಿಗೆ ನೀರು. ಕಡ್ಡಿಯ ಅವ್ವನೂ ಅವರಲ್ಲಿದ್ದಳು.

ಕಡ್ಡಿ ನಕ್ಷೆಯೊಳಗೆ ಕಾಲಿಟ್ಟಳು.

"ಗೆರೆ ತುಳೀಬೇಡ!" ಮೇಡಂ ಚೀರಿದರು.

ಅವಳು ಪಾದದಿಂದ ಆ ಅಕ್ಷರಗಳನ್ನು ತಿಕ್ಕಿ ಅಳಿಸಿದಳು. ಬಕೆಟ್ಟಿನಿಂದ ಸುಣ್ಣ ಬಾಚಿ ಚೌಕ ಹಾಕತೊಡಗಿದಳು. "ಇದು ಕುಂಟಜ್ಜಿ ಮನೆ. ಇದು ಚಿಕ್ಕಪ್ಪಂದು. ಇಲ್ಲಿ ಹಸಿ ಬಾಣಂತಿ ಮಲಗವಳೆ ಸಾರ್, ಮೈ ತೊಳ್ಯೋಕೆ ನೀರಿಲ್ಲ..."

"ನಿನಗೆ ಸರ್ಟಿಫಿಕೇಟ್ ಸಿಗಲ್ಲ, ಗೊತ್ತಾಯ್ತಾ?"

"ನೀವೇ ಇಟ್ಕೊಳ್ಳಿ ಮೇಡಂ. ತಿಪ್ಪೆಗೆ ಹಾಕೋಕಾಗ್ತದೆ."

ಈಗ ಅಧ್ಯಕ್ಷ ಎದ್ದ. "ಬೇವರ್ಸಿ ಮುಂಡೆ!" ಎಂದವನೇ ಬಕೆಟ್ಟನ್ನು ಒದ್ದ. ಸುಣ್ಣ ಗಾಳಿಯಲ್ಲಿ ಹಾರಿ ಎಲ್ಲರ ಬಟ್ಟೆಯ ಮೇಲೆ ಕೂತಿತು. ಬರೆಯಲು ಇನ್ನು ಹಿಡಿಯಷ್ಟೂ ಉಳಿಯಲಿಲ್ಲ.

ಬೇಲಿ ಸರಿಸಿಕೊಂಡು ಅವ್ವ ಬರುವುದು ಕಂಡಿತು. ಜುಟ್ಟು ಹಿಡಿದು ಎಳೆದೊಯ್ಯುತ್ತಾಳೆಂದು ಕಡ್ಡಿ ಕುತ್ತಿಗೆ ಕುಗ್ಗಿಸಿದಳು.

"ನಮ್ಮನೆ ಎಲ್ಲಿ ಬರ್ತದೆ?" ಎಂದಳು ಅವ್ವ.

ಕಡ್ಡಿ ಬೆರಳು ತೋರಿಸಿದಳು. ಅವ್ವ ಅಧ್ಯಕ್ಷನ ಮುಖ ನೋಡದೆ ಖಾಲಿ ಕೊಡವನ್ನು ಅಲ್ಲೇ ಕುಕ್ಕಿ, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಹಿಂದೆಯೇ ಒಬ್ಬೊಬ್ಬರಾಗಿ ಹೆಂಗಸರು ಬಂದು ಕೂರತೊಡಗಿದರು. ಎಲ್ಲರಿಗಿಂತ ಕೊನೆಗೆ ಕುಂಟಜ್ಜಿ ಕೋಲೂರುತ್ತ ಬಂದು ಎಂಜಿನಿಯರನ ಬೂಟಿಗೆ ಕೋಲು ತಾಗಿಸಿದಳು.

"ಸ್ವಲ್ಪ ಆಚೆ ಸರೀರಿ ಸ್ವಾಮಿ. ನನ್ನ ಬಾಗಿಲಿಗೆ ಅಡ್ಡ ನಿಂತಿದೀರ."