ಪ್ಯಾರಮೀಸಿಯಂಗೆ ಹಿಡಿದ ಗ್ರಹಣ

ತೊಂಬತ್ತೈದರ ದೀಪಾವಳಿಗೆ ಸೂರ್ಯಗ್ರಹಣವೂ ಬಂತು. ಹಬ್ಬದ ರಜೆ ಮುಗಿದ ದಿನವೇ ಹೊಳೆನರಸೀಪುರದ ನಮ್ಮ ಕಾಲೇಜಿಗೆ ತನಿಖೆ. ಹಾಸನದಿಂದ ಬರುವ ಅಧಿಕಾರಿಗೆ ಸೂಕ್ಷ್ಮದರ್ಶಕದಲ್ಲಿ ಜೀವಂತ ಪ್ಯಾರಮೀಸಿಯಂ ಕಾಣದಿದ್ದರೆ ಜೀವಶಾಸ್ತ್ರ ವಿಭಾಗ ಚನ್ನರಾಯಪಟ್ಟಣದ ಪಾಲು ಎಂದು ಪ್ರಿನ್ಸಿಪಾಲರು ಹೇಳಿದ್ದರು. ವಿಭಾಗವೆಂದರೆ ನಾನೊಬ್ಬನೇ, ಅದೂ ತಾತ್ಕಾಲಿಕ.

ಅದನ್ನು ಸಾಕುವುದು ಸುಲಭ. ಹೊಳೆ ನೀರಿಗೆ ಭತ್ತದ ಹುಲ್ಲು ಹಾಕಿಟ್ಟರೆ ಹುಲ್ಲು ಕೊಳೆತು ಬ್ಯಾಕ್ಟೀರಿಯಾ ಹುಟ್ಟುತ್ತದೆ, ಅದನ್ನು ತಿಂದು ಇವು ಹೆಚ್ಚುತ್ತವೆ. ಒಂದೇ ಜೀವಕೋಶ, ಚಪ್ಪಲಿಯ ಆಕಾರ, ಮೈತುಂಬ ರೋಮ. ಏನಾದರೂ ಅಡ್ಡ ಸಿಕ್ಕರೆ ಹಿಂದೆ ಸರಿದು ಬೇರೆ ದಾರಿ ಹಿಡಿಯುತ್ತದೆ. ನಮ್ಮ ಆಡಳಿತ ಮಂಡಳಿಗೆ ಅಷ್ಟು ಬುದ್ಧಿಯಿಲ್ಲ. ರಜೆಯಲ್ಲಿ ಲ್ಯಾಬಿಗೆ ಬೀಗ ಬೀಳುತ್ತದೆಂದು ಬಾಟಲಿಯನ್ನು ಮನೆಗೆ ತಂದು ಅಡುಗೆಮನೆಯ ಗೂಡಿನಲ್ಲಿಟ್ಟಿದ್ದೆ.

ಗ್ರಹಣ ಬಿಟ್ಟಿತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ತಾಯಿ ಲಕ್ಷ್ಮೀದೇವಮ್ಮ ಕೊಡ, ಹಂಡೆ, ಚೊಂಬುಗಳ ಹಳೆ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬಿದ್ದರು. ನನ್ನ ಬಾಟಲಿಯ ನೀರೂ ತಿಳಿಯಾಗಿತ್ತು.

"ದರ್ಭೆ ಹಾಕಿಟ್ಟಿದೀಯ, ಮೈಲಿಗೆ ತಟ್ಟಲ್ಲ ಅಂತ ಮೊದಲು ಬಿಟ್ಟಿದ್ದೆ ಕಣೋ," ಅಂದರು. "ಆಮೇಲೆ ಮೂಸಿದೆ. ಆ ನಾತಕ್ಕೆ ಯಾವ ದರ್ಭೆ ತಡೆಯುತ್ತೆ? ಹುಲ್ಲು ಹಾಗೇ ಇದೆ. ನೀರು ಮಾತ್ರ ಬದಲಾಯಿಸಿದೀನಿ."

ತಿಂಡಿ ಬೇಡ ಅಂದೆ.

ತನಿಖೆಯ ಬೆಳಿಗ್ಗೆ ಲ್ಯಾಬಿನಲ್ಲಿ ಕೂತು ಆ ಹುಲ್ಲನ್ನು ಹಿಂಡಿ ಹನಿಹನಿಯಾಗಿ ಹುಡುಕಿದೆ. ಕೊನೆಗೆ ಒಂದು ಸಿಕ್ಕಿತು. ಓಡಾಡದಿರಲೆಂದು ಸುತ್ತ ಹತ್ತಿಯ ಎಳೆ ಹಾಕಿದೆ.

ಅಧಿಕಾರಿ ಬಗ್ಗಿ ನೋಡಿದರು. "ಒಂದೇ ಇದೆಯಲ್ರೀ. ಅದಕ್ಕೂ ನಡು ಸೊರಗಿದೆ. ಸಾಯ್ತಾ ಇದೆಯಾ?" ಎಂದು ಪೆನ್ನು ತೆಗೆದರು.

"ಕಾಫಿ ಆರೋಯ್ತದೆ, ಬನ್ನಿ ಸಾ," ಎಂದು ಅಟೆಂಡರ್ ಬೈರಯ್ಯ ಅವರನ್ನು ಕರೆದುಕೊಂಡು ಹೋದ. ಕಾಫಿಯ ಜೊತೆ ಉಪ್ಪಿಟ್ಟೂ ಇದ್ದುದರಿಂದ ತಡವಾಯಿತು. ನಾನು ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ. ಆ ನಡು ಸಣ್ಣಗಾಗುತ್ತಾ ದಾರದಂತಾಗಿ ಕಡಿಯಿತು.

ಅಧಿಕಾರಿ ಬಾಯಿ ಒರೆಸಿಕೊಂಡು ಬಂದು ಮತ್ತೆ ನೋಡಿದರು.

"ಎರಡಿವೆ," ಅಂದರು. ಹಾಗೇ ಬರೆದುಕೊಂಡರು. ವಿಭಾಗ ಉಳಿಯಿತು.

ಸಂಜೆ ಅಮ್ಮನನ್ನು ಬೈಯಲೇಬೇಕೆಂದು ಹೋದವನು ನಡೆದದ್ದನ್ನಷ್ಟೇ ಹೇಳಿದೆ.

"ಎರಡರಲ್ಲಿ ತಾಯಿ ಯಾವುದು?" ಅಂದರು.

"ಯಾವುದೂ ಅಲ್ಲಮ್ಮ. ತಾಯಿ ಅಂತ ಉಳಿಯೋದೇ ಇಲ್ಲ. ಅವಳೇ ಎರಡು ಮಕ್ಕಳಾಗಿಬಿಡ್ತಾಳೆ."

ಅಮ್ಮ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ಪಾಪ," ಅಂದರು. "ಹಾಗಾದರೆ ಗ್ರಹಣ ಬಿಟ್ಟ ಮೇಲೆ ಅವಕ್ಕೆ ನೀರು ಬದಲಾಯಿಸೋರು ಯಾರು?"