ಡೆಕಾರ್ಕ್ ಬರೆದ ಅಂಕಿ

ಎರಡನೆಯ ಸಲ ನೋಡಿದಾಗಲೂ ಥರ್ಮಾಮೀಟರು 37.9 ಸೆಲ್ಸಿಯಸ್ ಎಂದೇ ಹಟ ಹಿಡಿದಿತ್ತು; ಊರಿನ ಲೆಕ್ಕದಲ್ಲಿ ನೂರು ದಾಟಿದ ಜ್ವರ. ಸಿಂಧೂರಾ ಅದನ್ನು ಒರೆಸಿ ಕೆಳಗಿಟ್ಟಳು. ಲ್ಯಾಬಿನ ಹತ್ತು ಜನರ ಮೈಬಿಸಿಯನ್ನು ದಿನಾ ಬೆಳಿಗ್ಗೆ ಎಂಟರೊಳಗೆ ಆನ್‌ಲೈನ್ ಪಟ್ಟಿಯಲ್ಲಿ ತುಂಬಬೇಕಾದವಳು ಅವಳೇ. ಈಗ ಏಳೂ ನಲವತ್ತು.

ಈ ಪಟ್ಟ ಕಟ್ಟಿದವರು ಲ್ಯಾಬಿನ ಗುರು ಮೊರಿತಾ ಸೆನ್ಸೇ. ಬೈಜಾಂಟೈನ್ ಸೈನ್ಯದಲ್ಲಿ ಸುದ್ದಿ ಕೆಳಗಿನಿಂದ ಮೇಲಕ್ಕೆ ಹೇಗೆ ಏರುತ್ತಿತ್ತು ಎಂಬುದರ ಕಂಪ್ಯೂಟರ್ ಮಾದರಿ ಕಟ್ಟಲೆಂದು ಅವಳು ಮೈಸೂರಿನಿಂದ ಜಪಾನಿನ ನೋಮಿಗೆ ಬಂದಿದ್ದಳು. ಕೊರೋನಾ ಶುರುವಾದಾಗ ಸೆನ್ಸೇ ನಕ್ಕು, "ಇನ್ನು ನೀನೇ ನಮ್ಮ ಡೆಕಾರ್ಕ್" ಎಂದಿದ್ದರು. ಡೆಕಾರ್ಕ್ ಎಂದರೆ ಹತ್ತು ಸಿಪಾಯಿಗಳ ಮುಂದಾಳು. ಅವನ ಎಣಿಕೆ ಐವತ್ತರ ನಾಯಕನಿಗೆ, ಅಲ್ಲಿಂದ ನೂರರವನಿಗೆ, ಕೊನೆಗೆ ದಂಡನಾಯಕನಿಗೆ. ಕೆಳಗಿನವನು ಒಂದು ಸುಳ್ಳು ಹೇಳಿದರೆ ದಂಡನಾಯಕ ಇಲ್ಲದ ಸೈನ್ಯವನ್ನು ನಂಬಿ ಯುದ್ಧಕ್ಕಿಳಿಯುತ್ತಾನೆ ಎಂದು ಪ್ರಬಂಧದಲ್ಲಿ ಠೀವಿಯಿಂದ ಬರೆದವಳೂ ಅವಳೇ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಪಟ್ಟಿಯ ಹತ್ತನೆಯವನು ಹಾಸ್ಟೆಲಿನ ಪಕ್ಕದ ಕೋಣೆಯ ಜಯಪ್ರಕಾಶ. ನಾಳೆ ಅವನಿಗೆ ಊರಿಗೆ ಹೋಗುವ ವಿಶೇಷ ವಿಮಾನ. ಮೂರು ತಿಂಗಳು ಕಾದು ಸಿಕ್ಕ ಸೀಟು. ಅಲ್ಲಿ ಹೆಂಡತಿ ಪದ್ಮಾವತಿಗೆ ಎಂಟು ತಿಂಗಳು ತುಂಬಿತ್ತು. ನಿನ್ನೆ ಸಿಂಧೂರಾಳೇ ಅವನನ್ನು ಊಟಕ್ಕೆ ಕರೆದು, ಎದುರು ಕೂತು, ಮಾಸ್ಕ್ ತೆಗೆದು ಬಿಸಿಬೇಳೆಬಾತ್ ಉಂಡಿದ್ದಳು. ಜ್ವರ ಎಂದು ಬರೆದರೆ ಅವನಿಗೂ ಹದಿನಾಲ್ಕು ದಿನ ಕೋಣೆವಾಸ. ಬರೆಯದಿದ್ದರೆ ಬಸುರಿಯ ಮನೆಗೆ ಅವನ ಜೊತೆ ಏನು ಹೋಗುತ್ತದೋ.

ಹೆದರಿದ ಬೆರಳು 36.4 ಎಂದು ಒತ್ತಿಬಿಟ್ಟಿತು. ಚೌಕ ಹಸಿರಾಯಿತು.

ಆಗಲೇ ಫೋನ್ ಬಂತು, ಜಯಪ್ರಕಾಶನದು. "ಸಿಂಧೂ, ಸೂಟ್‌ಕೇಸ್ ಆಚೆ ಇಟ್ಟಿದೀನಿ. ಎಂಟೂವರೆಗೆ ಕೊರಿಯರ್‌ನವ್ರು ಬಂದು ಏರ್‌ಪೋರ್ಟ್‌ಗೆ ತಗೊಂಡ್ಹೋಗ್ತಾರೆ. ನಿನ್ನ ಉಪ್ಪಿನಕಾಯಿ ಡಬ್ಬ ವಾಪಸ್ ಕೊಟ್ಟುಬಿಡ್ಲಾ?"

"ಬೇಡ. ಬಾಗಿಲ ಹತ್ರ ಬರ್ಬೇಡಿ."

"ಜ್ವರಾನಾ? ಎಷ್ಟಿದೆ?"

"ತರ್ಟಿಸೆವೆನ್ ಪಾಯಿಂಟ್ ನೈನ್. ಶೀಟಲ್ಲಿ ಸುಳ್ಳು ಬರ್ದಿದೀನಿ. ನೀವೇ ಹೇಳಿ, ಹಂಗೇ ಬಿಡ್ಲಾ?"

ಗೋಡೆಯಾಚೆ ಕುರ್ಚಿ ಎಳೆದದ್ದು ಕೇಳಿಸಿತು.

"ನನ್ನ ಕೇಳ್ಬೇಡ ಸಿಂಧೂ," ಎಂದ. "ಕೇಳಿದ್ರೆ ಬಿಡು ಅಂದ್ಬಿಡ್ತೀನಿ." ಫೋನು ಇಟ್ಟ.

ಏಳೂ ಐವತ್ತೆಂಟಕ್ಕೆ ಅವಳು 36.4 ಅಳಿಸಿ 37.9 ಬರೆದಳು. ಚೌಕ ಕೆಂಪಾಯಿತು. ಆ ಪಟ್ಟಿ ಹತ್ತೂ ಜನರಿಗೆ ಕಾಣುತ್ತಿತ್ತು.

ಸೆನ್ಸೇಯ ಕರೆಗೆ ಕಾಯುತ್ತ ಮಂಚದ ಅಂಚಿನಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದ ಬಾಗಿಲು ತೆರೆಯಿತು. ಸೂಟ್‌ಕೇಸಿನ ಚಕ್ರಗಳು ಕಾರಿಡಾರಿನಿಂದ ನಿಧಾನವಾಗಿ ಅವನ ಕೋಣೆಯೊಳಕ್ಕೆ ವಾಪಸ್ ಉರುಳಿದವು.