ತೋಳಕ್ಕೆ ಮಣ್ಣು ಕೊಟ್ಟವನ ಹೆಂಡತಿ

“ಕುರಿ ನಾತ ಹೊರಗ ಬಿಟ್ಟು ಬರಾಕ ಆಗೂದಿಲ್ಲೇನ, ರಂಡೆ? ದೂರ ನಿಲ್ಲು.” ಅರಣ್ಯ ಕಚೇರಿಯ ಗುರುನಾಥ ಸಾಹೇಬ ಮೂಗಿಗೆ ಕರವಸ್ತ್ರ ಒತ್ತಿಕೊಂಡ.

ಬೀರವ್ವ ಹಿಂದೆ ಸರಿದಳು. ಸೋಲಾಪುರದ ಆ ಕಚೇರಿಯ ಹಿಂದಿನ ಕೋಣೆಯಲ್ಲಿ ಅವಳ ಗಂಡ ಧರೆಪ್ಪನನ್ನು ಕೂಡಿಹಾಕಿದ್ದರು. ಬೋರಾಮಣಿಯಲ್ಲಿ, ಅವರ ಕುರಿಹಟ್ಟಿಯ ಪಕ್ಕದ ರಸ್ತೆಯಲ್ಲಿ, ತೋಳವೊಂದು ಸತ್ತು ಬಿದ್ದಿತ್ತು. ತೋಳ ಕುರುಬರ ದೇವರಾದ ಬೀರೋಬನ ನಾಯಿ, ಕುರಿ ತಿಂದರೂ ಅದರ ಹೆಣ ಕಾಗೆಗೆ ಬಿಡಬಾರದು ಎಂಬುದು ಹಿರಿಯರ ಮಾತು. ಧರೆಪ್ಪ ಅದರ ಹಣೆಗೆ ದೇವರ ಅರಿಶಿನದ ಭಂಡಾರ ಹಚ್ಚಿ ಮಣ್ಣು ಕೊಟ್ಟ. ಪುಣ್ಯ ಮಾಡಲು ಹೋಗಿ ಪಾಪ ಮೈಮೇಲೆ ಬಂತು. ವಿಷವಿಕ್ಕಿ ಕೊಂದು ಹೂತಿಟ್ಟ ಎಂದು ಕೇಸಾಯಿತು.

ಅಕ್ಕಲಕೋಟೆಯ ದನದ ಡಾಕ್ಟರು ಸ್ನೇಹಲ ಬಂದು ಹೆಣ ತೆಗೆಸಿ ಕೊಯ್ದು ನೋಡಿದ್ದಳು. ವಿಷವಿರಲಿಲ್ಲ, ಗಾಡಿ ಬಡಿದು ಪಕ್ಕೆಲುಬು ಮುರಿದಿತ್ತು. ಆ ವರದಿ ಸಾಹೇಬನ ಕಚೇರಿಗೆ ಬಂದರೆ ಧರೆಪ್ಪ ಮನೆಗೆ, ಬಾರದಿದ್ದರೆ ನಾಳೆ ಜೈಲಿಗೆ.

“ಡಾಕ್ಟರ್‌ಬಾಯಿ ಕಳಿಸ್ಯಾಳ್ರಿ ಸಾಹೇಬ್ರ. ಅಕಿ ಕಂಪ್ಯೂಟರಿನ್ಯಾಗ ನಾ ಕಣ್ಲೆ ನೋಡೀನಿ.”

“ನನ್ನದರಾಗ ಪೆಂಡಿಂಗ್ ತೋರಸ್ತದ. ಈಗ ಎಲ್ಲಾ ಖಾತೇದ್ದು ಒಂದಾ ಸಿಸ್ಟಮ್ ಆಗ್ಯಾದ, ತಿಳೀತಾ?”

“ಒಂದಾ ಇದ್ರ, ಅಲ್ಲಿದ್ದದ್ದು ಇಲ್ಯಾಕ ಇಲ್ರಿ?”

“ಭಾಳ ಶಾಣ್ಯಾಕಿ ಆಗಬ್ಯಾಡ.”

“ಕಾಗದದ ಮ್ಯಾಲ ಬರಸ್ಕೊಂಡು ಬರ್ಲೇನ್ರಿ?”

“ಕಾಗದ ಬಂದ್ ಆಗ್ಯಾವ. ನಡಿ.”

ಮತ್ತೆ ಅಕ್ಕಲಕೋಟೆಯ ಬಸ್ಸು. ಸ್ನೇಹಲ ಪರದೆ ತಿರುಗಿಸಿ ತೋರಿಸಿದಳು. “ಕಳಿಸೇದಂತ ಹಸರ ಗೆರಿ ಬಿದ್ದದ ನೋಡವ್ವ. ಮುಂದಿಂದು ನನ್ನ ಕೈಯಾಗಿಲ್ಲ. ಕಾಗದ ಕೊಟ್ರ ನನ್ನ ನೌಕರಿ ಹೋಗ್ತದ.” ಕೆಟ್ಟ ಹೆಂಗಸಲ್ಲ, ಕೂರಿಸಿ ಚಹಾ ಕುಡಿಸಿದಳು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಹಳೆಯ ಕಾಲದ ಮಾತಾಯಿತು. ಈಗ ದೇವರೂ ಪೂಜಾರಿಯೂ ಕೂಡಿಯೇ ಕೈಚೆಲ್ಲುತ್ತಾರೆ.

ಮರುದಿನ ಕೋರ್ಟಿನಿಂದ ಧರೆಪ್ಪನನ್ನು ನೇರ ಜೈಲಿಗೆ ಒಯ್ದರು. ವ್ಯಾನಿನ ಜಾಲಿಯೊಳಗಿಂದ ಅವನು ಹೇಳಿದ್ದು ಇಷ್ಟೇ: “ಕುರಿ ಉಪವಾಸ ಕೆಡವಬ್ಯಾಡ.”

ಗಂಡನ ಬೆನ್ನು ಹತ್ತಿ ಕಚೇರಿ ಅಲೆದರೆ ಕುರಿ ಕಾಯುವವರಾರು? ಬೀರವ್ವ ಹಟ್ಟಿ ಬಿಚ್ಚಿ ಇಡೀ ಹಿಂಡನ್ನು ಸೋಲಾಪುರದ ದಾರಿಗೆ ಹೊಡೆದಳು. ಸಾಹೇಬ ಕಚೇರಿಗೆ ಬರುವಷ್ಟರಲ್ಲಿ ಅಂಗಳದ ತುಂಬ ಕುರಿ, ಗುಲಾಬಿ ಗಿಡಗಳಿಗೆ ಬಾಯಿ ಹಾಕಿದ್ದವು.

“ಏ ಸೂಳಿ, ಹೊರಗ ಹೊಡಿ ಅವನ್ನ.”

“ಕಾಯಾಂವನ್ನ ನೀವು ಒಯ್ದೀರಿ. ನೀವಾ ಕಾಯ್ರಿ.” ಅವಳು ಮೆಟ್ಟಿಲ ಮೇಲೆ ಕುಳಿತಳು. “ಅಂವ ಬರೂತನಕ ಏಳೂದಿಲ್ಲ.”

ಸಾಹೇಬ ಮೊಬೈಲು ತೆಗೆದು ಕುರಿಗಳ ಫೋಟೋ ಹೊಡೆದ, ಅವಳ ಮುಖದ್ದೂ ಹೊಡೆದ. ಸರ್ಕಾರಿ ಜಾಗದಲ್ಲಿ ಅತಿಕ್ರಮಣ ಎಂದು ಅದೇ ಸಿಸ್ಟಮ್‌ನಲ್ಲಿ ಬರೆದು ಒತ್ತಿದ. ಒಳಗಿನಿಂದ ಗುಮಾಸ್ತ ಕೂಗಿದ: “ಬಂತ್ರಿ ಸಾಹೇಬ. ಪೊಲೀಸರಿಗೂ ಹೋತು, ತಹಸೀಲ್ದಾರಗೂ ಮುಟ್ಟೇದ.”

“ನನ್ನ ಗಂಡಂದು?” ಎಂದಳು ಬೀರವ್ವ.

“ಪೆಂಡಿಂಗ್.”

ಅವಳು ಏಳಲಿಲ್ಲ. ಗುಲಾಬಿ ಮುಗಿಸಿದ ಕುರಿಗಳು ಅವಳನ್ನು ದಾಟಿ ಒಂದೊಂದಾಗಿ ಮೆಟ್ಟಿಲು ಹತ್ತತೊಡಗಿದವು.